ಗ್ರಹಣದ ದಿನ ಮುರಿದ ತೊಟ್ಟು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬಿಬಿಜಾನಳ ನಾಲಿಗೆ ಮಾತ್ರ ಗುಂಟೂರಿನದು ಎಂದು ಓಣಿಯವರು ನಗುತ್ತಿದ್ದರು. ತೊಂಬತ್ತೈದರ ಫೆಬ್ರುವರಿಯ ಒಂದು ಬೆಳಿಗ್ಗೆ ಅವಳು, ಸೊಸೆ ಜಾಹೀದಾ, ಹದಿನಾಲ್ಕರ ಮೊಮ್ಮಗಳು ಜೈತೂನ ಮೂವರೂ ದಲಾಲರ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು. ಇದ್ದಕ್ಕಿದ್ದಂತೆ ಹುಡುಗಿಯ ಬೆರಳುಗಳು ಸೆಟೆದುಕೊಂಡವು, ಮುಖ ಸೊಟ್ಟಾಯಿತು.

“ಕೈಯಾಗ ಕಬ್ಬಿಣ ಕೊಡ್ರಿ!” ಎಂದು ಪಕ್ಕದ ಮನೆಯ ಗದಿಗೆವ್ವ ಓಡಿಬಂದಳು.

“ಕಬ್ಬಿಣ ಏನ್ ಮಾಡತೈತಿ? ಹೊಟ್ಟ್ಯಾಗಿದ್ದಾಗನ ಕೆಟ್ಟೈತಿ,” ಎಂದಳು ಬಿಬಿಜಾನ ಸೊಸೆಯತ್ತ ಕೈ ತೋರಿಸಿ. “ಬಸುರಿದ್ದಾಗ ಗ್ರಹಣದಾಗ ಇಕಿ ತೊಟ್ಟು ಮುರಕೋತ ಕುಂತಿದ್ಲು. ಅದಕ್ಕ ಹುಡುಗಿ ಅಂಗುಳ ಸೀಳಿತು, ಮಾತು ಮೂಗಿನಾಗ ಬಂತು. ಈಗ ಕೈನೂ ಹೋದ್ವು.”

ಹದಿನಾಲ್ಕು ವರ್ಷದಿಂದ ಕೇಳಿದ ಮಾತು. ಜಾಹೀದಾ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು. ಹಾವೇರಿಯ ಡಾಕ್ಟರರು ಹುಬ್ಬಳ್ಳಿಗೆ ಕಳಿಸಿದರು, ಹುಬ್ಬಳ್ಳಿಯವರು ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ವರದಿ ಬಂದ ದಿನ ಬಿಬಿಜಾನಳೂ ಹಟ ಹಿಡಿದು ಬಸ್ಸು ಹತ್ತಿದಳು. ಗ್ರಹಣದ ಮಾತು ಡಾಕ್ಟರರ ಬಾಯಿಂದಲೇ ಬರಲಿ ಎಂಬ ಆಸೆ ಅವಳಿಗೆ.

“ಮೈಯಾಗ ಕ್ರೋಮೋಸೋಮ್ ಅಂತ ಇರ್ತಾವರಿ ಅಜ್ಜಿ, ನೂಲಿನ ಎಳಿ ಇದ್ದಂಗ,” ಎಂದರು ಹುಬ್ಬಳ್ಳಿಯ ಡಾಕ್ಟರಮ್ಮ. “ಈ ಹುಡುಗಿಗೆ ಅದರಾಗ ಒಂದು ತುಣುಕು ಇಲ್ಲ. ಅದಕ್ಕ ಕುತ್ತಿಗಿಯೊಳಗಿನ ಸಣ್ಣ ಗ್ರಂಥಿಗಳು ಸರಿಯಾಗಿ ಬೆಳೆದಿಲ್ಲ. ಹಾರ್ಮೋನು ಸಾಲದು. ರಕ್ತದಾಗ ಕ್ಯಾಲ್ಸಿಯಂ ಇಳೀತದ, ಕೈ ಸೆಟೀತಾವ. ಅಂಗುಳದ ಸೀಳೂ ಅದರಿಂದನ.”

“ಗ್ರಹಣದಾಗ ಹರಿದಿದ್ದೇನ್ರಿ ಅದು?”

“ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ರಿ. ಬಸುರು ನಿಂತ ಹೊತ್ತಿಗೇ ಆಗಿರತದ. ತಾಯಿಗೆ ಗೊತ್ತಾಗೂದರೊಳಗ. ಯಾರದೂ ತಪ್ಪಲ್ಲ. ಗುಳಿಗಿ ಮಾತ್ರ ಒಂದು ಹೊತ್ತೂ ತಪ್ಪಿಸಬ್ಯಾಡ್ರಿ.”

ಯಾರದೂ ತಪ್ಪಲ್ಲ ಎಂದಾಗ ಬಿಬಿಜಾನಳ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಎಂಬತ್ತರ ಆ ಗ್ರಹಣದ ಮಧ್ಯಾಹ್ನ ಸೊಸೆ ಒಳಗೆ ಹೋಗುತ್ತೇನೆ ಎಂದಿದ್ದಳು. “ಸಂಜಿಕಿಂತ ಮದಲ ಚೀಲ ತುಂಬಬೇಕು, ಕುಂಡ್ರು” ಎಂದವಳು ತಾನೇ. ಇಷ್ಟು ವರ್ಷ ಅದನ್ನು ಜಾಹೀದಾ ಒಮ್ಮೆಯೂ ಎತ್ತಿ ಆಡಿರಲಿಲ್ಲ. ಬಸ್ಸಿನಲ್ಲಿ ಬ್ಯಾಡಗಿ ಬರುವವರೆಗೂ ಬಿಬಿಜಾನಳಿಗೆ ಸೊಸೆಯ ಮುಖ ನೋಡಲಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಮತ್ತೆ ಸೂರ್ಯಗ್ರಹಣ ಬಂತು, ಬೆಳ್‌ಬೆಳಿಗ್ಗೆಯೇ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಗದಿಗೆವ್ವ ಕಿಟಕಿಯಿಂದಲೇ ಕೂಗಿದಳು:

“ಬಿಬಿಜಾನಕ್ಕಾ, ಹುಡುಗಿಗೆ ಈಗ ಏನೂ ತಿನ್ನಾಕ ಕೊಡಬ್ಯಾಡ! ನನ್ನ ಸೊಸಿನ್ನೂ ಒಳಗ ಮಲಗಿಸೇನಿ. ಬಸುರಿ. ನಿಮ್ಮ ಜಾಹೀದಾನಂಗ ಆಗಬಾರದಲ್ಲ?”

ಬಿಬಿಜಾನ ಬಾಗಿಲು ತೆರೆದು ಓಣಿಗೇ ಬಂದು ನಿಂತಳು.

“ಜಾಹೀದಾ ಏನೂ ಮಾಡಿಲ್ಲ, ಗದಿಗೆವ್ವಾ. ಅವತ್ತ ಅಕಿನ್ನ ಹೊರಗ ಕುಂಡ್ರಿಸಿದಾಕಿ ನಾನ. ಗ್ರಹಣದಿಂದ ಏನೂ ಆಗಿಲ್ಲ. ಅಕಿಗೆ ಇಷ್ಟು ವರ್ಷ ನೋವಾಗಿದ್ದು ನನ್ನ ಬಾಯಿಂದ.”

ಬಿಬಿಜಾನ ಒಳಗೆ ಬಂದು ರೊಟ್ಟಿ ಮುರಿದು ಮೊಮ್ಮಗಳ ತಾಟಿಗೆ ಹಾಕಿದಳು. ಗುಳಿಗೆ, ನೀರು ಮುಂದಿಟ್ಟಳು. ಜೈತೂನ ತನ್ನ ಕೈಯಿಂದಲೇ ಲೋಟ ಎತ್ತಿ ಕುಡಿದಳು.

ಒಲೆಯ ಮುಂದೆ ಜಾಹೀದಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಏನಾತು?” ಎಂದಳು ಬಿಬಿಜಾನ ಮೆಲ್ಲಗೆ.

“ಏನಿಲ್ಲ ಅತ್ತಿ, ಮೆಣಸಿನಕಾಯಿ ಘಾಟು.”

ಮೆಣಸಿನಕಾಯಿಯ ಸುಗ್ಗಿಗೆ ಇನ್ನೂ ಎರಡು ತಿಂಗಳಿತ್ತು. ಬಿಬಿಜಾನ ಇನ್ನೊಂದು ತಾಟು ತಂದು ಮೊದಲ ಬಾರಿಗೆ ಸೊಸೆಗೆ ತಾನೇ ಬಡಿಸಿದಳು.