ಅಳಿಸಿಹೋದ ಕಣ್ಣೀರು

ಮೊಡವೆಯಿರಲಿ, ಕಣ್ಣಡಿಯ ಕಪ್ಪಿರಲಿ, ಸ್ಟುಡಿಯೋ ಅಣ್ಣನ ಕಂಪ್ಯೂಟರಿಗೆ ಬಂದರೆ ಮಂಗಮಾಯ! ಗಂಡಸರು ಫೋಟೋಕ್ಕೆ ಕೂತರೆ ಅವನದು ಒಂದೇ ಮಂತ್ರ: "ಗದ್ದ ಮೇಲೆ! ಗಂಡಸಿನ ಥರ ಕೂತ್ಕೊಳ್ಳಿ!"

ಅವತ್ತು ಬೆಳಿಗ್ಗೆ ಬಸ್ ಡ್ರೈವರ್ ಆಗಿದ್ದ ತನ್ನ ತಮ್ಮನನ್ನೂ ಹಾಗೇ ಕೂರಿಸಿ, ಗುರುತಿನ ಚೀಟಿಗೆ ಫೋಟೋ ತೆಗೆದು ಕಳಿಸಿದ್ದ. ಆಮೇಲೆ ಅದರ ಕಣ್ಣಿನ ಕೆಂಪು ಒರೆಸುತ್ತಿದ್ದಾಗ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು.

"ಏನ್ ಮಾಡ್ತಿದ್ದೀರಿ ಅಣ್ಣ?"

"ಅಳಿಸ್ತಿದ್ದೀನಿ ಸಿಸ್ಟರ್."

"ಪಾಪ, ನಿಮ್ಮ ತಮ್ಮ ಆಗ್ಲೇ ಅತ್ತು ಬಂದಿದಾರೆ. ಮತ್ತೆ ಯಾಕೆ ಅಳಿಸ್ತೀರಿ?"

ಅಣ್ಣ ನಕ್ಕ. "ಅಯ್ಯೋ, ಅದು ಧೂಳು. ನಮ್ಮನೇಲಿ ಗಂಡಸರು ಅಳಲ್ಲ."

ನರ್ಸಮ್ಮ ನಗಲಿಲ್ಲ. "ಊಟ, ನಿದ್ದೆ ಸರಿಯಾಗಿದ್ಯಾ ಅವರಿಗೆ? ಇಷ್ಟಪಟ್ಟು ಇಟ್ಕೊಂಡಿದ್ದನ್ನ ಯಾರಿಗಾದ್ರೂ ಕೊಟ್ಬಿಟ್ರಾ? ಬದುಕು ಬೇಡ ಅನ್ನಿಸಿದೋರು ಹಾಗ್ ಮಾಡೋದುಂಟು."

ಅಣ್ಣನ ಕಣ್ಣು ಮೇಜಿನ ಮೇಲಿದ್ದ ಮೌತ್ ಆರ್ಗನ್ನಿನತ್ತ ಹೋಯಿತು. ತಮ್ಮ ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಬೆಳಿಗ್ಗೆ "ನಿನ್ನ ಹತ್ರಾನೇ ಇರ್ಲಿ ಅಣ್ಣ" ಎಂದು ಇಟ್ಟು ಹೋಗಿದ್ದ.

ಅಣ್ಣ ತಟ್ಟನೆ ತಮ್ಮನ ಹಳೆಯ ಫೋಟೋಗಳನ್ನು ತೆರೆದ, ಟಚಪ್ ಮಾಡುವ ಮೊದಲಿನವು. ಒಂದಕ್ಕಿಂತ ಒಂದರಲ್ಲಿ ಮುಖ ಹೆಚ್ಚು ಬಾಡಿತ್ತು. ಎಲ್ಲವನ್ನೂ ತಾನೇ ಕೈಯಾರೆ ಒರೆಸಿದ್ದ. ಫೋನ್ ಮಾಡಿದ, ತಮ್ಮ ಎತ್ತಲಿಲ್ಲ.

ಇಬ್ಬರೂ ತಮ್ಮನ ಬಾಡಿಗೆ ಕೋಣೆಯತ್ತ ಓಡಿದರು.

"ಏನಂತ ಕೇಳ್ಲಿ ಸಿಸ್ಟರ್? ಇಲ್ಲದ ಯೋಚನೇನ ನಾನೇ ತಲೇಲಿ ತುಂಬಿದ ಹಾಗಾದ್ರೆ?"

"ಆಗಲ್ಲ. ನೇರವಾಗಿ ಕೇಳಿ. ಕೇಳಿದ್ರೆ ಹೇಳ್ಕೊಳ್ಳೋಕೆ ದಾರಿ ಆಗುತ್ತೆ. ಬೈಬೇಡಿ, ಒಬ್ಬರನ್ನೇ ಬಿಡ್ಬೇಡಿ."

ಬಾಗಿಲಿಗೆ ಒಳಗಿನಿಂದ ಚಿಲಕ. ಅಣ್ಣ ತಟ್ಟಿದ. ಸದ್ದಿಲ್ಲ.

"ಪುಟ್ಟಾ, ನಾನು ಕಣೋ! ಬಾಗಿಲು ತೆಗಿಯೋ!"

ಕೊನೆಗೂ ಚಿಲಕ ಸರಿಯಿತು. ತಮ್ಮ ತಲೆ ತಗ್ಗಿಸಿ ನಿಂತಿದ್ದ.

"ಬದುಕೋದೇ ಬೇಡ ಅನ್ನಿಸ್ತಿದ್ಯೇನೋ?"

"ಹೂಂ ಅಣ್ಣ. ಬೆಳಿಗ್ಗೆ ಹೇಳೋಣ ಅಂತಾನೇ ಬಂದೆ. ನೀನು ಗದ್ದ ಮೇಲೆ ಅಂದೆ."

ಅಣ್ಣ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. ತಮ್ಮನೂ ಅತ್ತ. ಅವತ್ತೇ ಮೂವರೂ ಕೂಡಿ ಡಾಕ್ಟರ ಬಳಿ ಹೋದರು.

ಚಿಕಿತ್ಸೆ ಇನ್ನೂ ನಡೆಯುತ್ತಿದೆ. ತಮ್ಮ ಫೋನ್ ಎತ್ತುವುದು ಸ್ವಲ್ಪ ತಡವಾದರೂ ಅಣ್ಣ ಸ್ಟುಡಿಯೋ ಬಿಟ್ಟು ಅವನ ಕೋಣೆಗೆ ಓಡುತ್ತಾನೆ. ಆದರೆ ಮೌತ್ ಆರ್ಗನ್ ತಮ್ಮನ ಜೇಬಿಗೆ ಮರಳಿದೆ. ಕೆಂಪು ಕಣ್ಣಿನ ಆ ಫೋಟೋ ಸ್ಟುಡಿಯೋದ ಗಾಜಿನ ಹಿಂದೆ ನಿಂತಿದೆ. "ಹಾಗೇ ಹಾಕು ಅಣ್ಣ, ನೋಡಿದೋರೂ ನೋವನ್ನ ಬಾಯಿ ಬಿಟ್ಟು ಹೇಳ್ಲಿ" ಎಂದವನು ತಮ್ಮನೇ. ಅದನ್ನು ನೋಡಿ, "ನನ್ನದೂ ಹಾಗೇ ತೆಗೀರಿ" ಎಂದು ಬರುವವರಿದ್ದಾರೆ. ಅಣ್ಣನ ಮಂತ್ರವೂ ಬದಲಾಗಿದೆ: "ಹೇಗಿದ್ದೀರೋ ಹಾಗೇ ಕೂತ್ಕೊಳ್ಳಿ."

ನಿಮ್ಮ ಮನೆಯ ಗಂಡಸಿನ ಮುಖವನ್ನು ಇವತ್ತು ಒಮ್ಮೆ ಸರಿಯಾಗಿ ನೋಡಿ. ಬಾಡಿದ್ದರೆ ಕೇಳಿ. ಜೊತೆಗೇ ಇದ್ದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಳು ಬಂದರೆ ಅಳಲಿ ಬಿಡಿ. ನೀವು ಅಳಿಸಬೇಡಿ.