ಕೈ ಹಿಡಿದ ಭಯ

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಚಿಕ್ಕ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಲೆ ಅರ್ಧ ನರೆತಿದ್ದರೂ ಅವನು ಚಿಕ್ಕವನೇ. ಕ್ಷೌರದಂಗಡಿಯ ದೊಡ್ಡ ಮೇಸ್ತ್ರಿ, ಅಂದರೆ ಅವನ ಅಪ್ಪ, ಇನ್ನೂ ಇದ್ದರಲ್ಲ. ಕತ್ತಿ ಹಿಡಿಯುವುದನ್ನು ಕಲಿಸಿದ್ದು ಅವರೇ. "ಗಿರಾಕಿ ಕತ್ತು ನಮ್ಮ ಕೈಲಿರುತ್ತೆ ಕಣೋ, ಅದಕ್ಕೇ ಈ ಅಂಗಡೀಲಿ ಯಾರೂ ಜಗಳ ಆಡಲ್ಲ," ಎಂದು ನಗಿಸುತ್ತಿದ್ದರು.

ಲಕ್ವ ಹೊಡೆದು ಅಪ್ಪನ ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾಯಿತು. ಗಂಡ ಸತ್ತ ಮೇಲೆ ತವರಿಗೆ ಬಂದಿದ್ದ ಅಕ್ಕ ಅವರ ಊಟ, ಸ್ನಾನ, ಹಾಸಿಗೆ ಎಲ್ಲವನ್ನೂ ವಹಿಸಿಕೊಂಡಳು. ಗಡ್ಡ ಮಾತ್ರ ಮಗನ ಪಾಲಿಗೆ. ಅಂಗಡಿಗೆ ಹೊರಡುವ ಮುನ್ನ ಅವನು ಅಪ್ಪನನ್ನು ಕಿಟಕಿಯ ಪಕ್ಕ ದಿಂಬಿಗೊರಗಿಸಿ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಅಪ್ಪ ಕಣ್ಣು ಮುಚ್ಚಿ ಕತ್ತು ಮೇಲೆತ್ತುತ್ತಿದ್ದರು. ಶಿಷ್ಯನ ಕೈಯನ್ನು ಪರೀಕ್ಷೆಗೆ ಹಚ್ಚಿದ ಗುರುವಿನ ಗತ್ತು ಆ ಮುಖದಲ್ಲಿರುತ್ತಿತ್ತು. ಮುಗಿದ ಮೇಲೆ ಎಡಗೈಯಿಂದ ಗಲ್ಲ ಸವರಿಕೊಂಡು "ಪರವಾಗಿಲ್ಲ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಿಂದ ಎಂದೂ ಬಂದದ್ದಿಲ್ಲ.

ಹೀಗೇ ಒಂದು ಬೆಳಗ್ಗೆ, ಕತ್ತಿ ಗಂಟಲಿನ ಗುಳಿಯ ಹತ್ತಿರ ಇಳಿಯುತ್ತಿದ್ದಾಗ, ಎಲ್ಲಿಂದಲೋ ಒಂದು ಯೋಚನೆ ನುಗ್ಗಿತು. ಈಗ ಕೊಯ್ದುಬಿಟ್ಟರೆ?

ಕತ್ತಿ ಕೈಜಾರಿ ನೆಲಕ್ಕೆ ಬಿತ್ತು. "ಏನಾಯ್ತೋ?" ಎಂದು ಅಪ್ಪ ತೊದಲಿದರು. "ಏನಿಲ್ಲಪ್ಪ, ಸೋಪು," ಎಂದ. ಮಿಕ್ಕ ಅರ್ಧ ಗಡ್ಡವನ್ನು ಹೇಗೆ ತೆಗೆದನೋ ಅವನಿಗೇ ಗೊತ್ತಿಲ್ಲ. ಬಾಗಿಲ ತನಕ ಹೋದವನು ಮತ್ತೆ ಬಂದು ಅಪ್ಪನ ಕತ್ತು ನೋಡಿದ. ಬೀದಿಯ ತಿರುವಿನಿಂದ ಮತ್ತೆ ಹಿಂದಿರುಗಿ ನೋಡಿದ. ಗೀರು ಕೂಡ ಇರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ.

ಅಂದಿನಿಂದ ಅದು ಬೆನ್ನು ಬಿಡಲಿಲ್ಲ. ಅಂಗಡಿಯಲ್ಲಿ ಯಾರ ಕತ್ತು ಕಂಡರೂ ಅದೇ. ಭುಜ ನೋವೆಂದು ಸುಳ್ಳು ಹೇಳಿ ಗಡ್ಡದ ಗಿರಾಕಿಗಳನ್ನೆಲ್ಲ ಎದುರಂಗಡಿಗೆ ಸಾಗಹಾಕಿದ. ಮೆಷಿನ್ನಿನಲ್ಲಿ ತಲೆಗೂದಲು ಕತ್ತರಿಸುವುದಷ್ಟೇ ಉಳಿಯಿತು. ಮನೆಯಲ್ಲಿ ಅಡುಗೆಮನೆಯ ಚಾಕುಗಳನ್ನು ಅಕ್ಕನಿಗೆ ಕಾಣದಂತೆ ಅಟ್ಟಕ್ಕೆ ಸೇರಿಸಿದ. ಅಪ್ಪನ ಕೋಣೆಗೆ ಹೋಗುವುದನ್ನೇ ಬಿಟ್ಟ. ಹೊಸ್ತಿಲಲ್ಲಿ ನಿಂತು, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, "ಊಟ ಆಯ್ತೇನಪ್ಪ?" ಎನ್ನುತ್ತಿದ್ದ. ಅಪ್ಪ ಗಲ್ಲ ತೋರಿಸಿ ಕರೆಯುತ್ತಿದ್ದರು. "ಅಂಗಡಿಗೆ ಹೊತ್ತಾಯ್ತು, ಅಕ್ಕ ಮಾಡ್ತಾಳೆ," ಎಂದು ಹೊರಟುಬಿಡುತ್ತಿದ್ದ. ಅಕ್ಕನಿಗೆ ಆ ಕೆಲಸ ಬಾರದು. ಅಪ್ಪನ ಕೆನ್ನೆಯಲ್ಲಿ ಅಲ್ಲಲ್ಲಿ ಬಿಳಿ ಗಡ್ಡ ಉಳಿದುಬಿಡುತ್ತಿತ್ತು. ಜೀವಮಾನವಿಡೀ ಊರಿನ ಮುಖಗಳನ್ನು ಒಪ್ಪ ಮಾಡಿದವರ ಮುಖ ಅದು.

ಕೊನೆಗೆ ಯಾರಿಗೂ ಹೇಳದೆ ಮನೋವೈದ್ಯೆಯ ಬಳಿಗೆ ಹೋದ. ಹೇಳಿ ಮುಗಿಸಿದ ಮೇಲೆ, ಇನ್ನೇನು ಪೊಲೀಸರನ್ನು ಕರೆಯುತ್ತಾಳೆ ಅಂದುಕೊಂಡಿದ್ದ. ಆಕೆ ನೀರಿನ ಲೋಟ ಮುಂದಿಟ್ಟಳು.

"ನೀವು ಕೊಯ್ಯೋರಲ್ಲ. ಯಾವುದನ್ನ ಕನಸಲ್ಲೂ ಮಾಡಲಾರಿರೋ ಅದನ್ನೇ ಹಿಡ್ಕೊಂಡು ಈ ಕಾಯಿಲೆ ಹಿಂಸೆ ಕೊಡುತ್ತೆ. ಒಸಿಡಿ, ಅಂದ್ರೆ ಗೀಳು ಕಾಯಿಲೆ ಅಂತಾರೆ. ಖಿನ್ನತೆಗೆ ಕೊಡೋ ಮಾತ್ರೆ ಇದಕ್ಕೂ ಕೆಲಸ ಮಾಡುತ್ತೆ. ಆದ್ರೆ ನಿಧಾನ, ವಾರಗಟ್ಟಲೆ ಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಬಹುದು. ವಿಪರೀತ ಅನ್ನಿಸಿದ್ರೆ ತಕ್ಷಣ ಫೋನ್ ಮಾಡಿ."

"ಇದು ತಗೊಂಡ್ರೆ ನಾನು ನಾನಾಗೇ ಇರ್ತೀನಾ?"

"ಇರ್ತೀರಿ."

ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಕೇಳದೆ ಎದ್ದುಬಂದ. ಅಂಗಡಿಗೆ ಬಂದು, ಮಾತ್ರೆಯ ಪೊಟ್ಟಣದೊಳಗಿನ ಸಣ್ಣಕ್ಷರದ ಕಾಗದವನ್ನು ಕಣ್ಣು ನೋಯುವ ತನಕ ಓದಿದ. ಇಷ್ಟು ದಿನ ತನ್ನ ಕೈಯನ್ನು ಹಿಡಿದು ನಿಲ್ಲಿಸಿರುವುದು ಈ ಭಯವೇ. ಮಾತ್ರೆ ಭಯವನ್ನೇ ಕಳೆದುಬಿಟ್ಟರೆ? ಆಮೇಲೆ ಕೈಯನ್ನು ಹಿಡಿಯುವವರು ಯಾರು? ಅಪ್ಪ ಕತ್ತೆತ್ತಿ ಮಲಗಿರುತ್ತಾರೆ, ತನಗೆ ಏನೂ ಅನ್ನಿಸುವುದೇ ಇಲ್ಲ! ಪೊಟ್ಟಣವನ್ನು ಬಾಚಣಿಗೆಯ ಡಬ್ಬಿಯಲ್ಲಿ ತುರುಕಿದ. ನಾಳೆ ನೋಡೋಣ ಎಂದುಕೊಂಡ. ನಾಳೆಗಳು ಹಾಗೇ ಸಾಗಿದವು.

ಒಂದು ಮಧ್ಯಾಹ್ನ ಅಕ್ಕನ ಫೋನ್ ಬಂತು. ಅರ್ಧ ಕತ್ತರಿಸಿದ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿದ. ಅವನು ಮನೆ ಮುಟ್ಟುವ ಹೊತ್ತಿಗೆ ಅಪ್ಪನ ಉಸಿರು ನಿಂತಿತ್ತು.

ಮುಖದ ತುಂಬ ಕುರುಚಲು ಗಡ್ಡ. ಅವನು ಬಿಸಿನೀರು ತಂದ. ನೊರೆ ಹಚ್ಚಿ ಕತ್ತಿ ಹಿಡಿದ. ಕೈ ನಡುಗಲಿಲ್ಲ. ಯೋಚನೆಯೂ ಬರಲಿಲ್ಲ. ನೋಯಿಸುತ್ತೇನೇನೋ ಎಂದು ಹೆದರಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಈಗ ಬಂತಾ ನಿಂಗೆ ಪುರುಸೊತ್ತು?" ಎಂದಳು.

ಅವನು ಕತ್ತಿಯನ್ನು ಬಿಸಿನೀರಿನಲ್ಲಿ ಅದ್ದಿದ.

"ಅಪ್ಪ ಏನು ಅಂದ್ಕೊಂಡಿದ್ರು ಗೊತ್ತಾ? ಅವರ ಮುಖ ಮುಟ್ಟೋಕೆ ನಿಂಗೆ ಹೇಸಿಗೆ ಅಂತ. ಬಾಯಿಂದ ಜೊಲ್ಲು ಸೋರ್ತಿತ್ತಲ್ಲ, ಅದಕ್ಕೆ. ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಸಾಕು, 'ಒರೆಸು, ಬೇಗ ಒರೆಸು' ಅಂತ ನಂಗೆ ಸನ್ನೆ ಮಾಡೋರು. ನೀನು ಹೊಸ್ತಿಲಿಂದಾನೇ ಹೋಗ್ಬಿಡ್ತಿದ್ದೆ."

ಅವನ ಕೈಯಿಂದ ಕತ್ತಿಯನ್ನು ಅಕ್ಕನೇ ತೆಗೆದುಕೊಳ್ಳಬೇಕಾಯಿತು. ನೆಲದ ಮೇಲೆ ಕುಸಿದು, ಬಿಕ್ಕುತ್ತ ಬಿಕ್ಕುತ್ತ, ಎಲ್ಲವನ್ನೂ ಹೇಳಿದ. ಆ ಯೋಚನೆ, ಅಟ್ಟ ಸೇರಿದ ಚಾಕುಗಳು, ವೈದ್ಯೆ, ನುಂಗದ ಮಾತ್ರೆ. ಅಕ್ಕ ಅಪ್ಪನ ಕೆನ್ನೆಯಲ್ಲಿ ಉಳಿದಿದ್ದ ನೊರೆಯನ್ನು ಸೆರಗಿನಿಂದ ಒರೆಸಿದಳು.

"ನಂಗೆ ಒಂದು ಮಾತು ಹೇಳ್ಬಾರದಿತ್ತೇನೋ? ನಾನು ಅಪ್ಪನಿಗೆ ಹೇಳ್ತಿದ್ದೆ. ಹೇಸಿಗೆ ಅಲ್ಲ ಕಣಪ್ಪ, ಪ್ರೀತಿ ಜಾಸ್ತಿಯಾಗಿ ಹೆದರಿದಾನೆ ಅಂತ. ಅಷ್ಟು ಸಾಕಿತ್ತು ಅವರಿಗೆ."

ಮಣ್ಣು ಮಾಡಿ ಬಂದ ಮೇಲೆ ಅಕ್ಕನೇ ಅಂಗಡಿಗೆ ಹೋಗಿ ಡಬ್ಬಿಯಿಂದ ಪೊಟ್ಟಣ ತಂದಳು. "ನುಂಗು. ನಿನ್ನನ್ನೂ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ," ಎಂದಳು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿತು, ಮೈಯೆಲ್ಲ ಚಡಪಡಿಕೆ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಅಕ್ಕ ವೈದ್ಯೆಗೆ ಫೋನ್ ಮಾಡಿ ಧೈರ್ಯ ತಂದುಕೊಂಡು ಅವನ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಳು. ವಾರಗಳು ಕಳೆದಂತೆ ಯೋಚನೆಯ ಹಲ್ಲು ಮೊಂಡಾಯಿತು. ಬರುತ್ತಿತ್ತು, ಆದರೆ ಕಚ್ಚುತ್ತಿರಲಿಲ್ಲ. ಅವನು ಹೆದರಿದ್ದಂತೆ ಕೈಯೇನೂ ಹದ್ದುಮೀರಲಿಲ್ಲ. ಅಕ್ಕ ಅಟ್ಟದಿಂದ ಚಾಕುಗಳನ್ನು ಇಳಿಸಿಕೊಂಡಾಗ ಅವನು ಸುಮ್ಮನೆ ನೋಡುತ್ತ ಕೂತಿದ್ದ.

ಮುಂದಿನ ಭೇಟಿಯಲ್ಲಿ ವೈದ್ಯೆ, "ಈಗ ಹೇಗಿದೀರಿ?" ಎಂದು ಕೇಳಿದಳು.

"ಗುಣ ಆಗ್ತಿದೆ ಡಾಕ್ಟ್ರೇ. ಅದೇ ಕಷ್ಟ. ಗುಣ ಆಗ್ದೇ ಇದ್ದಿದ್ರೆ ಅಪ್ಪನ ಗಡ್ಡ ತೆಗೆಯೋದು ನನ್ನ ಕೈಲಿ ಆಗ್ತಿರಲಿಲ್ಲ ಅಂತಾದ್ರೂ ಅನ್ಕೋಬಹುದಿತ್ತು. ಈಗ ಗೊತ್ತಾಯ್ತು, ಮಾತ್ರೆ ಆಗ್ಲೇ ನುಂಗಿದ್ರೆ ಆಗ್ತಿತ್ತು. ಅವರು ಇರೋವಾಗ್ಲೇ ಆಗ್ತಿತ್ತು."

ವೈದ್ಯೆ ಪೆನ್ನು ಕೆಳಗಿಟ್ಟಳು. ಅವನು ಅಳು ಮುಗಿಸುವ ತನಕ, ಹೊರಗೆ ಬೇರೆಯವರು ಕಾಯುತ್ತಿದ್ದರೂ, ಹಾಗೇ ಕೂತಿದ್ದಳು.