ಠಣ್ ಮೇಷ್ಟ್ರ ಕಿವಿ

ವಿಶ್ವವಿದ್ಯಾಲಯದ ಕಡತಗಳಲ್ಲಿ ಅವರು ಕುಂಭಕಲೆಯ ಪ್ರಾಧ್ಯಾಪಕರು. ಕಡತದ ಹೊರಗೆ, ಇಪ್ಪತ್ತೊಂಬತ್ತು ವರ್ಷಗಳಿಂದ, ಠಣ್ ಮೇಷ್ಟ್ರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವರೆಲ್ಲ ಪಾಸಾಗಿ ಹೋಗಿ, ಈಗ ಅವರ ಮಕ್ಕಳು ಫೇಲಾಗುವ ವಯಸ್ಸಿಗೆ ಬಂದಿರಬೇಕು. ಆ ಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಮೇಷ್ಟ್ರು ಇರುತ್ತಿದ್ದರು. ಒಳಗೊಳಗೇ ಉಬ್ಬುತ್ತಲೂ ಇದ್ದರು.

ಹೆಸರಿಗೆ ಕಾರಣ ಅವರ ಬಲಗೈಯ ನಡುಬೆರಳು. ಪ್ರತಿ ವರ್ಷ ಪರೀಕ್ಷೆಯ ಕೊನೆಗೆ ತಟ್ಟುವ ದಿನ ಅಂತ ಒಂದು ಬರುತ್ತಿತ್ತು. ಭಟ್ಟಿಯಲ್ಲಿ ಬೆಂದು ಬಂದ ಪಾತ್ರೆಗಳನ್ನು ವಿದ್ಯಾರ್ಥಿಗಳು ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟು ಗೋಡೆಗೊರಗಿ ನಿಲ್ಲಬೇಕು. ಮೇಷ್ಟ್ರು ನಡುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ಒಂದೊಂದರ ಅಂಚಿಗೂ ಮೆಲ್ಲಗೆ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ ಕೇಳುತ್ತಿದ್ದರು. ಠಣ್ ಅಂದರೆ ಪಾತ್ರೆ ಗಟ್ಟಿ. ಪಕ್ಕದಲ್ಲಿ ಸೀಮೆಸುಣ್ಣದ ಒಂದು ಚುಕ್ಕೆ. ಬದ್ ಅಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು. ಆಗ ಮಾಡಿದವರೇ ಅದನ್ನು ಹೊತ್ತುಕೊಂಡು ಹೋಗಿ ಬಾಗಿಲ ಪಕ್ಕದ ತಗಡಿನ ಡ್ರಮ್ಮಿಗೆ ಎತ್ತಿಹಾಕಿ ಒಡೆಯಬೇಕು. ಒಡೆದ ಮಡಕೆಯ ಚೂರಿಗೆ ಬೋಕಿ ಅನ್ನುತ್ತಾರಲ್ಲ, ಹಾಗಾಗಿ ಅದು ಬೋಕಿ ಡ್ರಮ್ಮು.

“ಮೆರುಗು ಬಳಿದರೆ ಕಣ್ಣು ಸೋತು ಹೋಗುತ್ತೆ ಕಣ್ರಯ್ಯಾ,” ಅನ್ನುವರು ಮೇಷ್ಟ್ರು. “ಕಿವಿಗೆ ಯಾರೂ ಮೆರುಗು ಬಳಿಯೋಕಾಗಲ್ಲ.”

ಆ ತೀರ್ಪಿನ ಮೇಲೆ ಇನ್ನೊಂದು ಕೋರ್ಟಿರಲಿಲ್ಲ.

ಈ ವರ್ಷ ಡ್ರಮ್ಮು ತುಂಬಿ ಹೊರಚೆಲ್ಲಿತು. ಮೇಷ್ಟ್ರು ಮಣ್ಣನ್ನು ಬೈದರು, ಮಣ್ಣು ಕಳಿಸಿದವನನ್ನು ಬೈದರು, ಫೋನು ಉಜ್ಜಿ ಉಜ್ಜಿ ಬೆರಳಿನ ಬುದ್ಧಿ ಸವೆಸಿಕೊಂಡ ಇಡೀ ತಲೆಮಾರನ್ನು ಬೈದರು. ಎಲ್ಲರಿಗಿಂತ ಹೆಚ್ಚು ಒಡೆದವಳು ಮೌನಗೌರಿ.

ಕೊನೆಯ ವರ್ಷದ ಆ ಹುಡುಗಿಗೆ ಜೊತೆಯವರು ಇಟ್ಟ ಹೆಸರದು. ಮಣ್ಣು ತಿರುಗಿಸುವ ತಿಗರಿಯ ಮುಂದೆ ಕೂತರೆ ತಿಗರಿಯ ಸದ್ದು ಬಿಟ್ಟು ಅವಳ ಕಡೆಯಿಂದ ಬೇರೆ ಸದ್ದಿಲ್ಲ. ಪದವಿಗೆಂದು ಅವಳು ಮಾಡಿದ್ದು ಏಳು ಬಟ್ಟಲು, ಒಂದರೊಳಗೊಂದು ಕೂರುವಂಥವು. ಬೂದಿ ಬಣ್ಣ, ಉಗುರಿನಷ್ಟು ತೆಳುವಾದ ಅಂಚು, ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣಬೇಕು. ಇಂಥದ್ದನ್ನು ಈ ಮೇಜಿನ ಮೇಲೆ ಯಾವತ್ತೂ ನೋಡಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡ ಮೇಷ್ಟ್ರು ಬಾಯಲ್ಲಿ “ಹೂಂ” ಅಂದರು. ಅವರ ಹೊಗಳಿಕೆ ಅದಕ್ಕಿಂತ ಮುಂದೆ ಹೋದ ದಾಖಲೆಯಿಲ್ಲ. ಆಮೇಲೆ ತಟ್ಟಿದರು. ಬದ್. ಎರಡನೆಯದು, ಬದ್. ಹೀಗೆ ಏಳೂ. ಪ್ರತಿ ಸಲ ಅವಳು ಬಟ್ಟಲನ್ನೆತ್ತಿಕೊಂಡು ಡ್ರಮ್ಮಿನ ತನಕ ನಡೆದು, ಒಡೆದು, ವಾಪಸ್ ಬಂದು ಅದೇ ಜಾಗದಲ್ಲಿ ನಿಂತಳು.

ಅವಳ ಪಕ್ಕದಲ್ಲಿ ನಿಂತ ಧಡಿಯನೊಬ್ಬ ನೀರಿನ ತೊಟ್ಟಿಯ ಗೋಡೆಯಷ್ಟು ದಪ್ಪದ ಹೂಜಿಗಳನ್ನು ಇಟ್ಟುಕೊಂಡಿದ್ದ. ಅವನಿಗೆ ಚುಕ್ಕೆಯ ಮೇಲೆ ಚುಕ್ಕೆ ಬಿತ್ತು. “ಸರ್, ಇದೂ ಠಣ್ಣಾ?” ಎಂದು ತಾನೇ ನಂಬಲಾರದೆ ಕೇಳಿ, ಪಕ್ಕದವರಿಂದ ಪಕ್ಕೆಗೆ ತಿವಿಸಿಕೊಂಡ.

ತೋರಿಸಲು ಒಂದೂ ಪಾತ್ರೆ ಉಳಿಯದ ಮೌನಗೌರಿಯೊಬ್ಬಳೇ ಫೇಲಾದಳು. ಮರುವಾರದಿಂದ ಬರುವುದನ್ನೂ ಬಿಟ್ಟಳು.

ಇದಾಗಿ ಹದಿನೈದು ದಿನಕ್ಕೆ ಮೇಷ್ಟ್ರ ಮನೆಯ ಓವನ್ ಕೆಟ್ಟಿತು. ಬಿಸಿಯೇನೋ ಆಗುತ್ತದೆ, ಆದ ಮೇಲೆ ಬೀಪ್ ಅನ್ನುವುದಿಲ್ಲ ಎಂಬುದು ಮೇಷ್ಟ್ರ ದೂರು. ರಿಪೇರಿಯವನು ಬಂದು ಒಂದು ಲೋಟ ನೀರಿಟ್ಟು ಗುಂಡಿ ಒತ್ತಿ, ಕೈಕಟ್ಟಿ ನಿಂತ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮುಖ ನೋಡಿದ.

“ಸರಿ ಇದೆಯಲ್ಲ ಸರ್.”

“ಏನು ಸರಿ ಇದೆ? ಸದ್ದೇ ಇಲ್ಲ.”

ಅವನು ಮೇಷ್ಟ್ರ ಹೆಂಡತಿಯ ಕಡೆ ತಿರುಗಿದ. “ಹೊಡ್ಕೊಳ್ತಲ್ವಾ ಅಮ್ಮಾ?”

“ನಾಲ್ಕು ಸಲ,” ಅಂದರು ಆಕೆ. ಅವನನ್ನು ಬಾಗಿಲ ತನಕ ಕಳಿಸಿ ಬಂದು, “ರೀ, ಕಿವಿ ತೋರಿಸ್ಕೊಳ್ಳಿ ಅಂತ ಎರಡು ವರ್ಷದಿಂದ ಹೇಳ್ತಿದೀನಿ,” ಅಂದರು.

“ಯಾವಾಗ ಹೇಳ್ದೆ?”

“ಅದೇ ನೋಡಿ.”

“ನನ್ನ ಕಿವಿಗೇನಾಗಿದೆ? ನೀನು ಮಾತಾಡೋದು ಕೇಳಿಸ್ತಿಲ್ವಾ?”

“ನಂದು ದಪ್ಪ ದನಿ. ನಿಮ್ಮ ಜೊತೆ ಕೂಗಿ ಕೂಗಿ ಆಗಿರೋದು.”

ಮೇಷ್ಟ್ರು ಗಾಜಿನ ಬೀರು ತೆಗೆದು, ತಾವು ಮೂವತ್ತು ತುಂಬುವ ಮೊದಲೇ ಮಾಡಿದ್ದ ತೆಳು ಬಟ್ಟಲನ್ನು ಹೊರತೆಗೆದರು. ಅದರ ಸದ್ದು ಅವರಿಗೆ ತಮ್ಮ ಹೆಸರಿನಷ್ಟು ಪರಿಚಿತ. ತಟ್ಟಿದರು.

ಬದ್.

“ಇದೂ ಬಿರುಕು ಬಿಟ್ಟಿದೆ,” ಅಂದರು, ಸಿಕ್ಕಿಬಿದ್ದ ಕಳ್ಳನ ಹಾಗೆ ಗಡಿಬಿಡಿಯಲ್ಲಿ. “ನೀನು ಒರೆಸುವಾಗ ಎಲ್ಲೋ ತಾಗಿಸಿದೀಯ.”

“ಎಲ್ರೀ ಬಿರುಕು? ಇನ್ನೂ ಗುಂಯ್ ಅಂತಿದೆ.” ಆಕೆ ತಾವೂ ಒಮ್ಮೆ ತಟ್ಟಿ, ಅವರ ಕೈ ಹಿಡಿದು ಬೆರಳ ತುದಿಯನ್ನು ಅಂಚಿಗೆ ಮುಟ್ಟಿಸಿದರು.

ಅಂಚು ನಡುಗುತ್ತಿತ್ತು. ಬೆರಳಿಗೆ ಇರುವೆ ಹರಿದ ಹಾಗೆ, ನಿಧಾನವಾಗಿ ಕಮ್ಮಿಯಾಗುತ್ತ ನಿಂತಿತು. ಕಿವಿಯಲ್ಲಿ ಏನೂ ಇರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವರಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಪ್ಪ ಪಾತ್ರೆ ದಪ್ಪ ದನಿಯಲ್ಲಿ ಮಾತಾಡುತ್ತದೆ, ತೆಳು ಪಾತ್ರೆ ಸಣ್ಣ ದನಿಯಲ್ಲಿ. ಅವರ ಕಿವಿಯಿಂದ ಮೊದಲು ಎದ್ದು ಹೋದದ್ದು ಸಣ್ಣ ದನಿಗಳು. ಧಡಿಯನ ಹೂಜಿಗಳು ಅದಕ್ಕೇ ಠಣ್ ಅಂದಿದ್ದವು. ಪಾತ್ರೆ ಎಷ್ಟು ಚೆನ್ನಾಗಿದ್ದರೆ ಅಷ್ಟು ಖಂಡಿತವಾಗಿ ಅವರು ಅದನ್ನು ಒಡೆಸಿದ್ದರು. ಅವರಿಗೆ ಕೇಳಿಸುತ್ತಿದ್ದ ಬದ್ ಬಟ್ಟಲಿನದಲ್ಲ, ತಮ್ಮದೇ ಬೆರಳಿನ ಮೂಳೆಯದು.

ಮರುದಿನ ಬೆಳಿಗ್ಗೆ ಅವರು ಬೋಕಿ ಡ್ರಮ್ಮನ್ನು ನೆಲಕ್ಕೆ ಬೋರಲು ಹಾಕಿ, ಚಕ್ಕಳಮಕ್ಕಳ ಕೂತು, ಬೂದಿ ಬಣ್ಣದ ಚೂರುಗಳನ್ನು ಆರಿಸತೊಡಗಿದರು. ಬೇಯುವಾಗಲೇ ಬಿಟ್ಟ ಬಿರುಕಾದರೆ ಅದರೊಳಕ್ಕೆ ಮೆರುಗು ಕರಗಿ ಇಳಿದಿರುತ್ತದೆ. ಒಡೆದ ಮೇಲೂ ಚೂರಿನ ಅಂಚಿನಲ್ಲಿ ಬಣ್ಣದ ಗೆರೆ ಕಾಣುತ್ತದೆ. ಒಂದಾದರೂ ಗೆರೆ ಸಿಗಲಿ ಎಂದು ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿದರು. ಎಲ್ಲ ಅಂಚುಗಳೂ ಸಕ್ಕರೆಯ ಹಾಗೆ ಬೆಳ್ಳಗೆ, ಸ್ವಚ್ಛ.

ಭಟ್ಟಿ ನೋಡಿಕೊಳ್ಳುವವನು ಬಂದ. ಮೇಷ್ಟ್ರಷ್ಟೇ ವಯಸ್ಸು, ಮೇಷ್ಟ್ರು ಸೇರಿದ ವರ್ಷವೇ ಸೇರಿದವನು. ಇಡೀ ವಿಭಾಗಕ್ಕೆ ಅವನು ಭಟ್ಟಿಯಣ್ಣ. ನೆಲದ ಮೇಲೆ ಹರಡಿದ ಚೂರುಗಳನ್ನೂ ಮೇಷ್ಟ್ರನ್ನೂ ನೋಡಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಏಳೂ ಚೆನ್ನಾಗಿದ್ವು,” ಅಂದರು ಮೇಷ್ಟ್ರು.

“ಹೂಂ ಸರ್.”

“ನಿನಗೆ ಗೊತ್ತಿತ್ತಾ?”

“ಭಟ್ಟಿಯಿಂದ ಇಳಿಸುವಾಗ ಒಂದಕ್ಕೊಂದು ತಾಗಿದ್ವು. ದೇವರ ಗಂಟೆ ಹಂಗೆ ಅಂದ್ವು.”

“ಮತ್ತೆ ಯಾಕಯ್ಯಾ ಹೇಳಲಿಲ್ಲ?”

ಭಟ್ಟಿಯಣ್ಣ ಒಂದು ಚೂರನ್ನು ಆಚೆ ಈಚೆ ತಿರುಗಿಸಿದ. “ಹೇಳಿದ್ರೆ ನೀವು ಕೇಳಿಸ್ಕೊಳ್ತಿದ್ರಾ ಸರ್?”

ಅದರಲ್ಲಿ ಎರಡು ಅರ್ಥ ಇಟ್ಟು ಆಡುವಷ್ಟು ಚುರುಕಿನವನಲ್ಲ ಅವನು. ಮೇಷ್ಟ್ರಿಗೆ ಎರಡೂ ತಾಗಿದವು.

ವಿಭಾಗದ ಮುಖ್ಯಸ್ಥೆ ಒಂದು ಕಾಲದಲ್ಲಿ ಮೇಷ್ಟ್ರ ವಿದ್ಯಾರ್ಥಿನಿ. ಆಕೆಯ ಮೂರು ಕುಡಿಕೆಗಳೂ ಆ ಡ್ರಮ್ಮು ಸೇರಿದ ಮೇಲೆ ವಿಡಿಯೊ ಕಲೆಗೆ ಹೋಗಿ ಹೆಸರು ಮಾಡಿದವರು. ಮೇಷ್ಟ್ರು ಆಕೆಯ ಕೋಣೆಗೆ ಹೋಗಿ ಕಿವಿಯ ವಿಷಯವನ್ನೂ ಏಳು ಬಟ್ಟಲಿನ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಆಕೆ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

“ಒಡೆಯೋದನ್ನ ಯಾರಾದ್ರೂ ಶೂಟ್ ಮಾಡಿದಾರಾ ಸರ್? ಏಳು ಸಲ ನಡೆದು ಹೋಗಿ ಒಡೆಯೋದು... ಅದನ್ನೇ ಪರ್ಫಾರ್ಮೆನ್ಸ್ ಅಂತ ಕೊಟ್ಟಿದ್ರೆ ನೂರಕ್ಕೆ ತೊಂಬತ್ತು ಹಾಕ್ತಿದ್ದೆ.”

ಮೇಷ್ಟ್ರ ಮುಖ ನೋಡಿ ಆಕೆ ಮೆತ್ತಗಾದರು.

“ಮರುಪರೀಕ್ಷೆ ಕೊಡಿಸ್ತೀನಿ. ಮೂರು ವಾರದಲ್ಲಿ ಏಳು ಬಟ್ಟಲು. ಆದರೆ ಅರ್ಜಿಗೆ ಅವಳೇ ಸಹಿ ಹಾಕಬೇಕು, ಶುಕ್ರವಾರ ಐದು ಗಂಟೆಯೊಳಗೆ. ಆಮೇಲೆ ನನ್ನ ಕೈಲೂ ಇಲ್ಲ ಸರ್. ಭಟ್ಟಿಗೆ ಇದೊಂದೇ ಸುಡುವ ಸರದಿ ಬಾಕಿ, ನಿಮಗೆ ಗೊತ್ತಲ್ಲ.”

ಗೊತ್ತಿತ್ತು. ಈ ವರ್ಷ ಮುಗಿಯುತ್ತಲೇ ಭಟ್ಟಿ ಕೀಳಿಸಿ ಅಲ್ಲಿ ಕಂಪ್ಯೂಟರುಗಳನ್ನು ಕೂರಿಸುವುದು ತೀರ್ಮಾನವಾಗಿತ್ತು. ಮುಂದಿನ ವರ್ಷ ಬಂದು ಪಾಸಾಗಮ್ಮಾ ಅನ್ನಲು ಮುಂದಿನ ವರ್ಷವೇ ಇರಲಿಲ್ಲ.

ಮೌನಗೌರಿ ಎಲ್ಲಿದ್ದಾಳೆಂದು ಧಡಿಯನಿಂದ ತಿಳಿಯಿತು. ಅವಳು ಮಣ್ಣನ್ನು ಪೂರ್ತಿ ಬಿಟ್ಟಿರಲಿಲ್ಲ. ಕಮೋಡು, ವಾಷ್‌ಬೇಸಿನ್ನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಗುರುವಾರ ಮಧ್ಯಾಹ್ನ ಮೇಷ್ಟ್ರು ಅರ್ಜಿಯನ್ನು ಜೇಬಿನಲ್ಲಿಟ್ಟು, ಬೀರುವಿನ ಬಟ್ಟಲನ್ನು ಟವೆಲಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದರು. ಎರಡೂ ಗೋಡೆಗೆ ಬೇಸಿನ್ನುಗಳ ಸಾಲು, ಪ್ರತಿಯೊಂದರ ಮೇಲೂ ಕನ್ನಡಿ. ನೀಲಿ ಕೋಟು ತೊಟ್ಟ ಮೌನಗೌರಿ ಗಂಡ ಹೆಂಡತಿ ಇಬ್ಬರಿಗೆ ಕಮೋಡಿನ ಮುಚ್ಚಳ ಸದ್ದಿಲ್ಲದೆ ಮುಚ್ಚುವುದನ್ನು ತೋರಿಸುತ್ತಿದ್ದಳು. ಅವರನ್ನು ಕಳಿಸಿ ಇವರ ಹತ್ತಿರ ಬಂದಳು.

“ಬನ್ನಿ ಸರ್. ಬಾತ್‌ರೂಮ್ ಮಾಡಿಸ್ತಿದೀರಾ?”

“ಇಲ್ಲಮ್ಮಾ.” ಮೇಷ್ಟ್ರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಚೆಲ್ಲಾಪಿಲ್ಲಿಯಾಯಿತು. “ನನಗೆ ಕಿವಿ ಕೇಳಿಸಲ್ಲ. ಸಣ್ಣ ಸದ್ದು ಕೇಳಿಸಲ್ಲ. ನಿನ್ನ ಬಟ್ಟಲುಗಳಲ್ಲಿ ಬಿರುಕಿರಲಿಲ್ಲ. ಚೂರು ತೆಗೆದು ನೋಡಿದೆ. ಒಂದರಲ್ಲೂ ಇರಲಿಲ್ಲ.”

ಅವಳು ಪಕ್ಕದ ಬೇಸಿನ್ನಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

“ನಿನಗೆ ಅವತ್ತು ಏನು ಕೇಳಿಸ್ತು?”

“ಠಣ್ ಅಂತ.”

“ಮತ್ತೆ ಯಾಕಮ್ಮಾ ಒಡೆದೆ?”

“ನೀವು ಬದ್ ಅಂದ್ರಲ್ಲ ಸರ್.” ಅವಳು ಇಷ್ಟು ಮಾತಾಡಿದ್ದನ್ನು ಮೇಷ್ಟ್ರು ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. “ಮೊದಲನೇದಕ್ಕೆ ನಿಮ್ಮ ಮೇಲೆ ಸಿಟ್ಟು ಬಂತು. ಮೂರನೇದಕ್ಕೆ ನನ್ನ ಮೇಲೆ ಬಂತು. ಏಳನೇದು ತಟ್ಟೋ ಹೊತ್ತಿಗೆ ನನಗೂ ಬದ್ ಅಂತಲೇ ಕೇಳಿಸ್ತು.”

ಹಿಂದೆ ಯಾರೋ ನಲ್ಲಿ ತಿರುಗಿಸಿ ನೋಡಿದರು. ನೀರಿಲ್ಲದ ನಲ್ಲಿ.

ಮೇಷ್ಟ್ರು ಅರ್ಜಿಯನ್ನು ಹೊರತೆಗೆದು ಬಿಡಿಸಿದರು. ಮೂರು ವಾರ, ಏಳು ಬಟ್ಟಲು, ನಾಳೆ ಐದು ಗಂಟೆ ಎಂದು ವಿವರಿಸಿದರು. ಮಣ್ಣು ತಾವೇ ಹದ ಮಾಡಿಡುವುದಾಗಿ ಹೇಳಿದರು.

“ಮಾಡಬಹುದು,” ಅಂದಳು ಅವಳು. “ಆದರೆ ಯಾರು ತಟ್ಟಿ ನೋಡ್ತಾರೆ?”

“ನೀನೇ.”

“ನನ್ನ ಕಿವಿಗೆ ಗೊತ್ತಾಗಲ್ಲ ಸರ್.”

“ನನ್ನ ಕಿವಿಗೆ ಗೊತ್ತಾಗ್ದೇ ಇದ್ದಿದ್ದು! ನಿಂದು ಸರಿ ಇತ್ತು.” ಟವೆಲು ಬಿಚ್ಚಿ ಬಟ್ಟಲನ್ನು ಬೇಸಿನ್ನಿನ ಅಂಚಿನ ಮೇಲಿಟ್ಟರು. “ನಾನು ಈ ಕಡೆ ತಿರುಗ್ತೀನಿ. ನೀನು ತಟ್ಟಿ ಹೇಳು. ಅಷ್ಟೇ.”

ಅವರು ಗೋಡೆಗೆ ಮುಖ ಮಾಡಿ ನಿಂತರು. ಮುಂದೆ ಕನ್ನಡಿಯಿತ್ತು. ಮೌನಗೌರಿ ನಡುಬೆರಳನ್ನು ಮಡಚಿದಳು, ಥೇಟ್ ಅವರ ಹಾಗೆ; ತಟ್ಟಿದಳು, ತಲೆಯನ್ನು ಎಡಕ್ಕೆ ವಾಲಿಸಿದಳು, ಅದೂ ಅವರ ಹಾಗೆ. ಮೇಷ್ಟ್ರಿಗೆ ಏನೂ ಕೇಳಿಸಲಿಲ್ಲ. ಅವರು ಕಾದರು. ಅವಳು ಬಟ್ಟಲನ್ನು ನೋಡುತ್ತಿರಲಿಲ್ಲ. ಅವರ ಬೆನ್ನನ್ನೇ ನೋಡುತ್ತಿದ್ದಳು, ಭುಜ ಎಲ್ಲಾದರೂ ಅಲುಗೀತೇ, ಕತ್ತು ಹೂಂ ಅಂದೀತೇ ಎಂದು. ನಾಲ್ಕು ವರ್ಷ ತಾವು ಅವಳಿಗೆ ಏನು ಕಲಿಸಿದ್ದರು ಎಂಬುದು ಮೇಷ್ಟ್ರಿಗೆ ಆ ಕನ್ನಡಿಯಲ್ಲಿ ಸರಿಯಾಗಿ ಕಾಣಿಸಿತು.

ಇನ್ನೊಂದು ಸಲ ತಟ್ಟಿದಳು.

“ನೀವೇ ಹೇಳಿ ಸರ್,” ಅಂದಳು.

“ನನಗೆ ಕೇಳಿಸಲ್ಲಮ್ಮಾ.”

“ಹೌದಲ್ಲ,” ಅಂದಳು ಅವಳು. ಅರ್ಜಿಯನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿಗಿಟ್ಟುಕೊಂಡಳು. “ನೋಡ್ತೀನಿ ಸರ್. ಮನೇಲಿ ಅಕ್ಕನ್ನ ಕೇಳಿ ಫೋನ್ ಮಾಡ್ತೀನಿ.” ಅಷ್ಟರಲ್ಲಿ ಗಿರಾಕಿಗಳು ಬಂದರು. ಮೇಷ್ಟ್ರು ಬಾಗಿಲು ದಾಟಿದ ಮೇಲೆ ಅವಳು ಓಡಿ ಬಂದು, ಟವೆಲು ಸುತ್ತಿದ ಬಟ್ಟಲನ್ನು ಅವರ ಕೈಗೆ ಕೊಟ್ಟಳು. “ಬಿಟ್ಟು ಹೋಗಿದ್ರಿ ಸರ್.” ಬೇಕೆಂದೇ ಬಿಟ್ಟದ್ದನ್ನು ಮೇಷ್ಟ್ರು ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಶುಕ್ರವಾರ ಅವರು ಊಟಕ್ಕೂ ಏಳದೆ ತಟ್ಟುವ ಮೇಜಿನ ಮುಂದೆ ಕೂತರು. ಫೋನು ಬಡಿದುಕೊಂಡರೆ ಕೇಳಿಸದೆ ಹೋದೀತೆಂದು ಅದನ್ನು ಮುಂದಿಟ್ಟುಕೊಂಡು, ನಡುಗಿದರೆ ತಿಳಿಯಲಿ ಎಂದು ಬೆರಳನ್ನು ಅದರ ಮೇಲೇ ಇಟ್ಟಿದ್ದರು. ಮೂರು ಗಂಟೆಗೆ ಒಮ್ಮೆ ನಡುಗಿತು. ಹೆಂಡತಿ, ಕಿವಿ ಡಾಕ್ಟರು ಸೋಮವಾರ ಬರಹೇಳಿದ್ದಾರಂತೆ. ಆಮೇಲೆ ನಾಲ್ಕಾಯಿತು. ಕೋಣೆಯ ಆ ಬದಿಯಲ್ಲಿ ಭಟ್ಟಿಯಣ್ಣ ಕೊನೆಯ ಸರದಿಗೆಂದು ಭಟ್ಟಿಯೊಳಗೆ ಪಾತ್ರೆ ಇಡುವ ಕಲ್ಲು ಹಲಗೆಗಳನ್ನು ಒರೆಸಿ, ಯಾವ ಹಲಗೆ ಯಾರ ಪಾತ್ರೆಗೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಐದು ಹೊಡೆಯಿತು. ಗುಮಾಸ್ತ ಕಚೇರಿಯ ಬಾಗಿಲೆಳೆದು ಬೀಗ ಹಾಕಿಕೊಂಡು ಅವರ ಮುಂದಿನಿಂದಲೇ ಹೋದ. ಮೇಷ್ಟ್ರ ಬೆರಳು ಫೋನಿನ ಮೇಲೇ ಇತ್ತು.

ಭಟ್ಟಿಯಣ್ಣನ ತುಟಿ ಅಲುಗಿದ್ದು ಕಂಡಿತು.

“ಏನಂದೆ?” ಅಂದರು ಮೇಷ್ಟ್ರು. “ನನಗೆ ಕೇಳಿಸಲಿಲ್ಲ.”

ಆ ಕೋಣೆಯಲ್ಲಿ ಅವರು ಆ ಮಾತಾಡಿದ್ದು ಅದೇ ಮೊದಲು. ಭಟ್ಟಿಯಣ್ಣ ಸೀಮೆಸುಣ್ಣ ಕೆಳಗಿಟ್ಟು, ಹತ್ತಿರ ಬಂದು, ಅವರ ಕಿವಿಯ ಪಕ್ಕ ಬಗ್ಗಿದ.

“ಎರಡನೇ ಹಲಗೆ ಆ ಹುಡುಗಿಗೆ ಅಂದಿದ್ರಿ. ಇನ್ನೇನು ಬರಲ್ಲ ಅನ್ಸುತ್ತೆ. ಬೇರೆಯವರಿಗೆ ಕೊಡ್ಲಾ? ಖಾಲಿ ಬಿಟ್ರೆ ಬೆಂಕಿ ಒಂದೇ ಸಮ ಓಡಲ್ಲ ಸರ್, ಅಕ್ಕಪಕ್ಕದವು ಕೆಡ್ತಾವೆ.”

ಮೇಷ್ಟ್ರು ಫೋನಿನಿಂದ ಬೆರಳು ತೆಗೆದರು. ಅದರ ತುದಿ ಜೋಮು ಹಿಡಿದಿತ್ತು.

“ಆ ಧಡಿಯನ ಹೊಸ ಹೂಜಿ ಇಡು,” ಅಂದರು.